ಭಾಷಣಕ್ಕೂ ಪೂರ್ವಸಿದ್ಧತೆ ಇರಲಿ

ಮಾನ್ಯರೇ,

ಕಲ್ಯಾಣ ಕರ್ನಾಟಕ ಉತ್ಸವದ ದಿನ ಕಲಬುರಗಿಯ ಶಾಲೆಯೊಂದರ ಸಮಾರಂಭಕ್ಕೆ ಹೋಗಿದ್ದೆ. ಮುಖ್ಯ ಭಾಷಣಕಾರರು ವೇದಿಕೆಯಲ್ಲಿದ್ದ ಗಣ್ಯರೆಲ್ಲರ ಹೆಸರು, ಹುದ್ದೆಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಬಿಸಿಲಿನಲ್ಲಿ ಕುಳಿತಿದ್ದ ಮಕ್ಕಳು ಕೇಳುವುದನ್ನೇ ಬಿಟ್ಟಿದ್ದರು. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದರೂ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಭಾಗದ ಜನ 1948ರ ಸೆಪ್ಟೆಂಬರ್ 17ರವರೆಗೆ, ಅಂದರೆ ಇನ್ನೂ ಹದಿಮೂರು ತಿಂಗಳು ಕಾಯಬೇಕಾಯಿತು ಎಂಬ ಒಂದೇ ವಾಕ್ಯದಿಂದ ಮಾತು ಆರಂಭಿಸಿದ್ದರೆ ಅದೇ ಮಕ್ಕಳು ಕಿವಿಗೊಡುತ್ತಿದ್ದರೇನೋ.

ಹೇಳಬೇಕಾದ ಮುಖ್ಯ ವಿಷಯವೊಂದನ್ನು ನಿರ್ಧರಿಸಿಕೊಂಡು, ಅದಕ್ಕೆ ಬೇಕಾದ ಇಸವಿ, ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು, ಮನೆಯಲ್ಲೇ ಗಡಿಯಾರ ನೋಡುತ್ತ ಒಂದೆರಡು ಸಲ ಗಟ್ಟಿಯಾಗಿ ಹೇಳಿ ನೋಡುವುದು ದೊಡ್ಡ ಶ್ರಮವೇನಲ್ಲ. ಮನಸ್ಸಿನಲ್ಲಿ ಓದಿಕೊಂಡಾಗ ಚಿಕ್ಕದೆನಿಸಿದ ಭಾಷಣ ಬಾಯಿಬಿಟ್ಟು ಹೇಳಿದಾಗ ಎಷ್ಟು ಉದ್ದವೆಂಬುದು ಆಗಲೇ ತಿಳಿಯುತ್ತದೆ. ಮೊದಲ ಹಾಗೂ ಕೊನೆಯ ವಾಕ್ಯಗಳು ಬಾಯಿಪಾಠವಾಗಿದ್ದರೆ ಸಭಾಕಂಪನವೂ ತಗ್ಗುತ್ತದೆ. (ಮೈಕನ್ನು ಬೆರಳಿನಿಂದ ಬಡಿದು ಪರೀಕ್ಷಿಸುವ ಕೆಲಸ ಸಭೆ ಸೇರುವ ಮೊದಲೇ ಮುಗಿಯಲಿ.)

1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಆ ಕಾಲದ ಹೆಸರಾಂತ ವಾಗ್ಮಿ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತನಾಡಿದ ಬಳಿಕ ಅಬ್ರಹಾಂ ಲಿಂಕನ್ ಎರಡು-ಮೂರು ನಿಮಿಷಗಳಲ್ಲಿ ಮಾತು ಮುಗಿಸಿದರು. ಜಗತ್ತು ಇಂದಿಗೂ ನೆನೆಯುವುದು ಲಿಂಕನ್ನರ ಭಾಷಣವನ್ನೇ.

ಸಂಘಟಕರು ಆಹ್ವಾನ ನೀಡುವಾಗಲೇ ಭಾಷಣದ ಅವಧಿಯನ್ನು ಸ್ಪಷ್ಟವಾಗಿ ತಿಳಿಸಬೇಕು ಮತ್ತು ಗಣ್ಯರ ಹೆಸರು ಹೇಳುವ ಕೆಲಸವನ್ನು ಸ್ವಾಗತ ಕೋರುವವರೊಬ್ಬರಿಗೇ ಬಿಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಕಲಬುರಗಿ