ಗೌಡರ ಮನೆಯ ಹಂಡೆ: ಯುವ ಕಾದಂಬರಿಕಾರ್ತಿಗೊಂದು ಪತ್ರ

ಕಲಬುರಗಿ

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಿನ್ನ ಕಾದಂಬರಿಯ ಹಸ್ತಪ್ರತಿ ಮತ್ತು ಅದರ ಮೇಲೆ ಪಿನ್ನು ಹಚ್ಚಿ ಇಟ್ಟಿದ್ದ ಎರಡು ಪುಟದ ಪತ್ರ ನನ್ನ ಕೈಸೇರಿ ಮೂರು ವಾರಗಳಾದವು. ಉತ್ತರ ತಡವಾದದ್ದಕ್ಕೆ ಉದಾಸೀನ ಕಾರಣವಲ್ಲ. 412 ಪುಟಗಳನ್ನು ಎರಡು ಸಲ ಓದಿದೆ, ಎರಡನೆಯ ಸಲ ಪೆನ್ಸಿಲು ಹಿಡಿದುಕೊಂಡು ಓದಿದೆ. ನೀನು ನನ್ನ ಮೊಮ್ಮಗಳ ವಯಸ್ಸಿನವಳು, ಆದ್ದರಿಂದ ಏಕವಚನದಲ್ಲಿಯೇ ಬರೆಯುತ್ತಿದ್ದೇನೆ.

ಪ್ರಕಾಶಕರೊಬ್ಬರು ಎರಡು ಕಾಲಗಳ ನಡುವಿನ ಓಡಾಟ ಓದುಗರಿಗೆ ತೊಡಕಾಗುತ್ತದೆಂದು ಹೇಳಿ, 1947–48ರ ಭಾಗವನ್ನು ಪೂರ್ತಿ ತೆಗೆದರೆ ಅಚ್ಚು ಹಾಕುತ್ತೇವೆ ಎಂದು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದಾರೆ. ಮನೆಯಲ್ಲಿ ನಿನ್ನ ಅಪ್ಪ ಅರ್ಧ ಓದಿ, "ಸತ್ತವರ ಹೆಸರ ಯಾಕ ಎತ್ತತಿ?" ಎಂದು ಕೇಳಿ ಅಂದಿನಿಂದ ನಿನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಹೀಗಾಗಿ ಇದನ್ನು ಹರಿದು ಹಾಕುವುದೇ ಲೇಸೆಂದು ನಿನಗೆ ಅನ್ನಿಸಿದೆ. ಹರಿಯಬೇಡ. ಪ್ರಕಾಶಕರು ಹೇಳಿದಂತೆ ಕತ್ತರಿಸಲೂ ಬೇಡ. ಅಧ್ಯಾಯಗಳ ಉದ್ದ, ಕಾಗುಣಿತ, ನಮ್ಮ ಕಡೆಯ ಮಾತನ್ನು ಎಷ್ಟು ಇಡಬೇಕು ಎಂಬ ನಿನ್ನ ಪ್ರಶ್ನೆಗಳಿಗೆ ನಾನು ಇಲ್ಲಿ ಉತ್ತರಿಸುವುದಿಲ್ಲ. ಅವನ್ನು ಹತ್ತು ಒಳ್ಳೆಯ ಕಾದಂಬರಿಗಳು ನಿನಗೆ ಕಲಿಸುತ್ತವೆ. ನನಗೆ ಹೇಳಬೇಕಾದದ್ದು ಒಂದೇ ಇದೆ.

ಮೊದಲು ನನ್ನ ಸಂತೋಷವನ್ನು ಹೇಳಿಬಿಡುತ್ತೇನೆ. ತೊಗರಿಯ ರಾಶಿ ಮಾಡುವ ಅಧ್ಯಾಯವನ್ನು ಓದುವಾಗ, ಎಪ್ಪತ್ತು ವರ್ಷಗಳ ಹಿಂದೆ ನನ್ನ ಮೂಗಿಗೆ ಅಡರಿದ ಹೊಟ್ಟಿನ ದೂಳು ಮತ್ತೆ ಅಡರಿತು. ನಾಯಕಿಯ ಅಜ್ಜ, ಅಂದರೆ ಮುತ್ಯಾ, ತೀರಿಹೋದ ರಾತ್ರಿ ಹೆಂಗಸರು ಅಳು ನಿಲ್ಲಿಸಿ, ನಾಳೆ ಬರುವ ಬೀಗರಿಗೆ ಎಷ್ಟು ರೊಟ್ಟಿ ಬಡಿಯಬೇಕಾದೀತು ಎಂದು ಲೆಕ್ಕ ಹಾಕುವ ಪುಟವನ್ನು ನಾನು ನನ್ನ ಸೊಸೆಗೆ ಓದಿ ಹೇಳಿದೆ. ಅಷ್ಟು ನಿಜವನ್ನು ಕಾಣಬಲ್ಲ ಕಣ್ಣು ನಿನಗೆ ಇರುವುದರಿಂದಲೇ ಮುಂದಿನ ಮಾತುಗಳನ್ನು ಬಿಗಿಯಾಗಿ ಬರೆಯುವ ಧೈರ್ಯ ಮಾಡುತ್ತಿದ್ದೇನೆ.

ಬೆಂಗಳೂರಿನಿಂದ ಆಸ್ತಿಯ ಪಾಲಿಗೆಂದು ಊರಿಗೆ ಬರುವ ನಿನ್ನ ನಾಯಕಿಗೆ ಮುತ್ಯಾನ ಸಂದೂಕಿನಲ್ಲಿ ಉರ್ದುವಿನ ಒಂದು ಕಾಗದ ಸಿಗುತ್ತದೆ. 9ನೆಯ ಅಧ್ಯಾಯದಲ್ಲಿ ಅವಳು ಅದನ್ನು ಬಂದೇನವಾಜರ ದರ್ಗಾದ ಹತ್ತಿರದ ಓಣಿಯಲ್ಲಿರುವ ಮುದುಕರೊಬ್ಬರ ಬಳಿಗೆ ಒಯ್ಯುತ್ತಾಳೆ, ಅವರು ಕನ್ನಡಕ ಏರಿಸಿ ಓದಿ ಹೇಳುತ್ತಾರೆ, ಅವಳ ಮುಖ ಬಿಳಿಚುತ್ತದೆ. ಆದರೆ ಅವರು ಏನು ಓದಿದರೆಂಬುದು ನಮಗೆ 36ನೆಯ ಅಧ್ಯಾಯದವರೆಗೂ ತಿಳಿಯುವುದಿಲ್ಲ. ನಡುವಿನ 26 ಅಧ್ಯಾಯಗಳಲ್ಲಿ ಅವಳು ಆ ಕಾಗದವನ್ನು ನೆನೆಯುತ್ತಾಳೆ, ಅದಕ್ಕಾಗಿ ನಿದ್ದೆಗೆಡುತ್ತಾಳೆ, ಕಾಗದದೊಳಗಿನ ಮಾತನ್ನು ಮಾತ್ರ ನೀನು ನಮ್ಮಿಂದ ಬಚ್ಚಿಡುತ್ತೀ. ನನಗೆ ಇದು ಬಹಳ ಕೆಡುಕೆನಿಸಿತು, ಮಗಳೇ. ಒಂದು ಮನೆತನ ಎಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿರುವುದಕ್ಕೆ ಹೆದರಿಕೆ ಇರುತ್ತದೆ, ನಾಚಿಕೆ ಇರುತ್ತದೆ, ಲಾಭ ಇರುತ್ತದೆ. ಲೇಖಕಿ ಬಾಯಿ ಮುಚ್ಚಿಕೊಂಡಿರುವುದಕ್ಕೆ ಓದುಗ ಪುಟ ತಿರುಗಿಸಲಿ ಎಂಬುದರ ಹೊರತು ಬೇರೆ ಕಾರಣವೇ ಇಲ್ಲ. ಆ ಮನೆಯ ಮೌನವನ್ನು ತೋರಿಸಬೇಕಾದಲ್ಲಿ ನೀನು ನಿನ್ನ ಮೌನವನ್ನು ತೋರಿಸಿದ್ದೀ. ಹಿಂದಿನ ಕಾಲ, ಇಂದಿನ ಕಾಲ ಎಂದು ಎರಡು ಎಳೆಗಳನ್ನು ಹೆಣೆಯುವವರು ಬಹಳ ಮಂದಿ ಎಡವುವುದು ಇಲ್ಲಿಯೇ.

ನಿಜವಾಗಿ ಅಲ್ಲಿ ಗುಟ್ಟು ಎಂಬುದೇ ಇಲ್ಲ. ಮೊದಲನೆಯ ಅಧ್ಯಾಯದ ಎರಡನೆಯ ಪುಟದಲ್ಲಿಯೇ ಆಳುಮಗ, "ಖತೀಬರ ಹೊಲದಾಗ ತೊಗರಿ ಹೂ ಬಿಟ್ಟದ್ರಿ" ಎನ್ನುತ್ತಾನೆ. ಖತೀಬರೆಂದರೆ ಮಸೀದಿಯಲ್ಲಿ ಪ್ರವಚನ ಹೇಳುವ ಮುಸಲ್ಮಾನ ಮನೆತನದವರು. ಖತೀಬರ ಹೊಲ ಎಂಬ ಮಾತು ನಿನ್ನ ಕಾದಂಬರಿಯಲ್ಲಿ 17 ಸಲ ಬಂದಿದೆ. ನಾನು ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ನಾಯಕಿ ಮೊಬೈಲಿನಲ್ಲಿ ಪಹಣಿ ತೆಗೆದು ನೋಡಿದಾಗ ಅದರಲ್ಲಿ ಸರ್ವೇ ನಂಬರ್ ಇದೆ, ಕಾಲಂ 9ರಲ್ಲಿ ಅವಳ ಅಪ್ಪನ ಮತ್ತು ಕಾಕಾಂದಿರ ಹೆಸರುಗಳಿವೆ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಖತೀಬರ ಹೊಲ. ಮುತ್ಯಾ ದಿನಾ ಬೆಳಿಗ್ಗೆ "ಖತೀಬರ ಹೊಲಕ್ಕ ಹೋಗಿ ಬರ್ತೀನಿ" ಎಂದು ಹೇಳಿ ರುಮಾಲು ಸುತ್ತಿಕೊಂಡು ಹೊರಟಿದ್ದಾರೆ. ಮನೆಯವರೆಲ್ಲ ಆ ಹೆಸರನ್ನು ನುಡಿದಿದ್ದಾರೆ, ಕೇಳಿದ್ದಾರೆ. ಆ ಖತೀಬರು ಎಲ್ಲಿಗೆ ಹೋದರು ಎಂದು ಯಾರೊಬ್ಬರೂ ಕೇಳಿಲ್ಲ. ನಿನ್ನ ಕಾದಂಬರಿಯ ವಸ್ತು ಇದು. ಸಂದೂಕಿನ ಕಾಗದವನ್ನು ಆ ಮುದುಕರು ಓದಿದ ಅಧ್ಯಾಯದಲ್ಲಿಯೇ ನಮಗೂ ಓದಿ ಹೇಳಿಬಿಡು. ಆಮೇಲೂ ನಿನ್ನ ನಾಯಕಿ ಅಪ್ಪನ ಎದುರು ಆ ಒಂದು ಪ್ರಶ್ನೆಯನ್ನು ಎತ್ತಲಾರದೆ ಹೇಗೆ ರೊಟ್ಟಿ ಮುರಿದು ಉಂಡಳು ಎಂಬುದನ್ನು ಬರೆ.

ಇನ್ನೊಂದು ಸಂಗತಿ ನಿನಗೆ ತಿಳಿಯದೆಯೇ ನಿನ್ನ ಕೈ ಬರೆದಿದೆ. ನಾಯಕಿಯ ಇಂಜಿನಿಯರಿಂಗ್ ಫೀಸನ್ನು ನಾಲ್ಕು ವರ್ಷ ಕಟ್ಟಿದ್ದು ಖತೀಬರ ಹೊಲದ ತೊಗರಿ ಮಾರಿ ಎಂದು 7ನೆಯ ಅಧ್ಯಾಯದಲ್ಲಿ ಒಂದು ಸಾಲು ಬರುತ್ತದೆ. ಅವಳು ಬೆಂಗಳೂರಿಗೆ ಹೊರಟಾಗಲೆಲ್ಲ ಅವ್ವ ಚೀಲದಲ್ಲಿ ಕಟ್ಟಿಕೊಡುವ ಬೇಳೆಯೂ ಅದೇ ಹೊಲದ್ದು. ಆ ಸಾಲನ್ನು ದಾಟಿ ನೀನು ಬೇಗನೆ ಮುಂದೆ ಹೋಗಿಬಿಟ್ಟಿದ್ದೀ. ಎರಡು ಕಾಲಗಳು ಕೂಡುವ ಜಾಗವನ್ನು ನೀನು ಸಂದೂಕಿನಲ್ಲಿ ಹುಡುಕುತ್ತಿದ್ದೀ, ಅವು ಆ ಬೇಳೆಯ ಚೀಲದಲ್ಲಿ ಆಗಲೇ ಕೂಡಿಕೊಂಡಿವೆ.

ಈಗ ನನ್ನ ಮುಖ್ಯ ತಕರಾರು. ಹೊಲ ಕೈ ಬದಲಾದದ್ದಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಬಂದಾಗ ನೀನು ಮುತ್ಯಾನಿಗೆ ಒಬ್ಬ ಅಣ್ಣನನ್ನು ಸೃಷ್ಟಿಸಿದ್ದೀ. ಅವನು ಕುಡುಕ, ಬಡ್ಡಿ ತಿನ್ನುವವನು, ಮಕ್ಕಳಿಲ್ಲದೆ ಸತ್ತವನು. ಪಾಪವನ್ನೆಲ್ಲ ಅವನ ತಲೆಗೆ ಕಟ್ಟಿ ಅವನೊಡನೆಯೇ ಹೂಳಿದ್ದೀ. ಮುತ್ಯಾನಿಗೆ ಏನೂ ಗೊತ್ತಿಲ್ಲ, ಅಪ್ಪನಿಗೆ ಇನ್ನೂ ಗೊತ್ತಿಲ್ಲ, ನಾಯಕಿ ಕಣ್ಣೀರು ಹಾಕಿ ಹಗುರಾಗಿ ಬೆಂಗಳೂರಿನ ರೈಲು ಹತ್ತುತ್ತಾಳೆ. ಆ ಅಣ್ಣನನ್ನು ಕಂಡ ಕೂಡಲೇ ನನಗೆ ಗುರುತು ಹತ್ತಿತು, ಏಕೆಂದರೆ ಐವತ್ತು ವರ್ಷಗಳ ಹಿಂದೆ ನಾನೂ ಅಂಥ ಒಬ್ಬನನ್ನು ಸೃಷ್ಟಿಸಿದ್ದೆ.

ನಮ್ಮ ಊರಿನ ಮನೆಯ ಬಚ್ಚಲಿನಲ್ಲಿ ತಾಮ್ರದ ಒಂದು ದೊಡ್ಡ ಹಂಡೆ ಇತ್ತು. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆಸಿದ್ದರು, ಆ ಹೆಸರು ಇರುವ ಮಗ್ಗುಲನ್ನು ಆಯಿ ಯಾವಾಗಲೂ ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದಳು. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ನನ್ನ ಅಪ್ಪ ನನಗೆ ಆ ಅಕ್ಷರಗಳನ್ನು ಕಲಿಸಿದ್ದರು. ಹತ್ತು ವರ್ಷದವನಿದ್ದಾಗ ಒಂದು ದಿನ, ಹಂಡೆ ತೊಳೆಯಲೆಂದು ಹೊರಗೆ ತಂದಾಗ, ನಾನು ಆ ಹೆಸರನ್ನು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದೆ. ಅದು ನಮ್ಮವರ ಹೆಸರಾಗಿರಲಿಲ್ಲ. ಆಯಿ ನನ್ನ ಕೈ ಸರಿಸಿ, "ಅವರು ಬಂದ್ರ ಕೊಡಬೇಕಾಗ್ತದ, ನೀ ಅದನ್ನ ಮುಟ್ಟಬ್ಯಾಡ" ಎಂದಳು. ಅವರು ಇಟ್ಟುಕೊಳ್ಳಿರೆಂದು ಕೊಟ್ಟುಹೋದದ್ದೋ, ಬಿಟ್ಟುಹೋದ ಮನೆಯಿಂದ ನಮ್ಮವರು ಹೊತ್ತು ತಂದದ್ದೋ, ಅಂದು ಕೇಳಲಿಲ್ಲ. ಆಯಿ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದಳು, ಆಗಲೂ ಕೇಳಲಿಲ್ಲ.

1973ರಲ್ಲಿ ನಾನು ಆ ಹಂಡೆಯ ಬಗ್ಗೆ ಕಥೆ ಬರೆದೆ. ಹಂಡೆಯನ್ನು ಗೌಡರ ಮನೆಯಲ್ಲಿ ಇಟ್ಟೆ. ಗೌಡನನ್ನು ಕ್ರೂರಿಯನ್ನಾಗಿ ಮಾಡಿ, ಅವನು ಅದನ್ನು ಲೂಟಿ ಹೊಡೆದು ತಂದನೆಂದು ತೀರ್ಮಾನಿಸಿದೆ. ಆಯಿಯ ಮಾತನ್ನು ಗೌಡನ ಹೆಂಡತಿಯ ಬಾಯಲ್ಲಿ ಹಾಕಿದೆ. ಕಥೆಗೆ ಬಹುಮಾನ ಬಂತು, ಸತ್ಯವನ್ನು ಎದುರಿಸಿದ ದಿಟ್ಟ ಕಥೆಯೆಂದು ಹೊಗಳಿದರು, ಆ ಹೊಗಳಿಕೆಯನ್ನು ನಾನು ತಲೆ ತಗ್ಗಿಸದೆ ಕೇಳಿದೆ. ಓದು ಬಾರದ ಆಯಿಗೆ ನನ್ನ ತಮ್ಮ ಅದನ್ನು ಓದಿ ಹೇಳಿದ. ನಾನು ರಜೆಗೆ ಊರಿಗೆ ಹೋದಾಗ ಅವಳು ಕೇಳಿದ್ದು ಒಂದೇ ಮಾತು: "ಹಂಡೆ ಗೌಡ್ರ ಮನ್ಯಾಗ ಯಾಕ ಇಟ್ಟಿ?" ಕಥೆಯೊಳಗೆ ಹಾಗೆಯೇ ಬರೆಯುತ್ತಾರೆ ಎಂದು ನಾನು ಹೇಳಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅವಳಿಗೆ ಹೇಳುವುದಿತ್ತೆಂದು, ಹೇಳುವುದಕ್ಕಾಗಿಯೇ ಅವಳು ಆ ಪ್ರಶ್ನೆ ಹಾಕಿದಳೆಂದು ನನಗೆ ಹೊಳೆಯುವಷ್ಟರಲ್ಲಿ ಅವಳು ಇರಲಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಹಂಡೆಯನ್ನು ತೂಕದ ಲೆಕ್ಕದಲ್ಲಿ ತಾಮ್ರದ ಅಂಗಡಿಗೆ ಹಾಕಿದೆವು. ನನ್ನ ಪಾಲಿನ ದುಡ್ಡನ್ನು ನಾನು ತೆಗೆದುಕೊಂಡೆ.

ಆ ಕಥೆಯ ಕೊನೆಯೂ ನನ್ನದಾಗಿರಲಿಲ್ಲ. ಅದನ್ನು ಪ್ರಕಟಿಸಿದ ಸಂಪಾದಕರು, ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17ರಂದು ಊರಿನಲ್ಲಿ ಧ್ವಜ ಏರುವಲ್ಲಿಗೆ ಕಥೆ ಮುಗಿಯಲಿ, ಅದರ ನಂತರದ ಎರಡು ಪುಟಗಳು ಬೇಡ ಎಂದು ಬರೆದರು. ಅವರ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಆದರೆ ಆ ಪುಟಗಳನ್ನು ಹರಿದ ಕೈ ನನ್ನದು. ನಿನ್ನ ಹಿಂದಿನ ಕಾಲದ ಭಾಗವೂ ಅದೇ ಧ್ವಜದ ಕೆಳಗೆ ಮುಗಿಯುತ್ತದೆ. ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯನ್ನು ನೀನು ಚೆನ್ನಾಗಿ ಬರೆದಿದ್ದೀ: ರಾತ್ರೋರಾತ್ರಿ ಸೊಲ್ಲಾಪುರದ ಕಡೆಗೆ ಗಡಿ ದಾಟಿದ ಕುಟುಂಬಗಳು, 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಿಂದ ಬಂದ ಕಗ್ಗೊಲೆಯ ಸುದ್ದಿ ಕೇಳಿ ಊರಿಗೆ ಊರೇ ಒಲೆ ಹಚ್ಚದೆ ಕೂತದ್ದು. ಅದರಲ್ಲಿ ಒಂದಕ್ಷರವನ್ನೂ ತಗ್ಗಿಸಬೇಡ, ನಮ್ಮ ಹಿರಿಯರು ಆ ನೋವನ್ನು ನಿಜವಾಗಿ ಉಂಡಿದ್ದಾರೆ. ಆದರೆ ಭಾರತದ ಸೈನ್ಯ ಬಂದದ್ದು ಸೆಪ್ಟೆಂಬರ್ 13ಕ್ಕೆ, ನಿಜಾಮರು ಶರಣಾದದ್ದು 17ಕ್ಕೆ. ಅದರ ಮುಂದಿನ ವಾರಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಮುಸಲ್ಮಾನರಿಗೆ ಏನಾಯಿತೆಂಬುದನ್ನು ತಿಳಿಯಲು ನೆಹರೂ ಅವರೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಬೇಕಾಯಿತು. ಕನಿಷ್ಠ 27,000ದಿಂದ 40,000 ಜನ ಸತ್ತಿರಬೇಕೆಂದು ಆ ಸಮಿತಿ ಅಂದಾಜು ಮಾಡಿತು, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸುವಾಗ ನಮ್ಮ ಗುಲಬರ್ಗಾ ಮತ್ತು ಬೀದರನ್ನು ಸೇರಿಸಿತು. ಆ ವರದಿ ಹತ್ತಾರು ವರ್ಷ ಜನರ ಕೈಗೆ ಬರಲಿಲ್ಲ. ನಮ್ಮ ಮನೆಗಳೂ ತಮ್ಮ ತಮ್ಮ ವರದಿಗಳನ್ನು ಹಾಗೆಯೇ ಒಳಗಿಟ್ಟುಕೊಂಡವು. ನಿನ್ನ ಖತೀಬರು ಧ್ವಜ ಏರಿದ ಪುಟದ ನಂತರ ಕಾದಂಬರಿಯಿಂದಲೇ ಕಾಣೆಯಾಗುತ್ತಾರೆ. ಅವರು ಎಲ್ಲಿಗೆ ಹೋದರೆಂದು ನೀನೂ ಕೇಳಿಲ್ಲ.

ಕೊನೆಗೆ ಕಾಗದದ ತಾರೀಖು. ಆ ಕಾಗದ ಕಲ್ಪನೆಯದಲ್ಲ, ನಿಮ್ಮ ಮನೆಯಲ್ಲಿಯೇ ಸಿಕ್ಕಿದ್ದು, ಅದರ ಮೇಲೆ 1357 ಎಂದು ಇದೆ, ಹಿಜರಿ ಲೆಕ್ಕದಲ್ಲಿ ಅದು 1938 ಆಗುತ್ತದೆ ಎಂದು ನೀನು ಪತ್ರದಲ್ಲಿ ಬರೆದಿದ್ದೀ. ಗದ್ದಲಕ್ಕೆ ಹತ್ತು ವರ್ಷ ಮೊದಲು, ಶಾಂತಿಯ ಕಾಲದಲ್ಲಿ, ಸಾಲದ ವ್ಯವಹಾರದಲ್ಲಿ ಹೊಲ ಬಂತು ಎಂಬ ನಿನ್ನ ಕಥೆ ನಿಂತಿರುವುದು ಈ ಲೆಕ್ಕದ ಮೇಲೆ. ಈ ಜಾಗದಲ್ಲಿ ನಾನು ಪೆನ್ಸಿಲು ಕೆಳಗಿಟ್ಟು ಬಹಳ ಹೊತ್ತು ಕೂತಿದ್ದೆ. ನಿಜಾಮರ ಸರ್ಕಾರದ ಕಂದಾಯದ ಕಾಗದಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ವರ್ಷ. ಅದಕ್ಕೆ 590 ಕೂಡಿಸಬೇಕು. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ ಮುಂದಿನ ಸೆಪ್ಟೆಂಬರಿನ ಕೊನೆಯವರೆಗಿನ ವರ್ಷ. ನೀನು ಬೇಕೆಂದೇ ತಪ್ಪು ಮಾಡಿದ್ದೀ ಎಂದು ನಾನು ಹೇಳುತ್ತಿಲ್ಲ. ಮನೆತನಕ್ಕೆ ಅನುಕೂಲವಾದ ಲೆಕ್ಕ ಸಿಕ್ಕಾಗ ಅದನ್ನು ಎರಡನೆಯ ಸಲ ಕೂಡಿಸಿ ನೋಡಲು ಯಾರಿಗೂ ಮನಸ್ಸಾಗುವುದಿಲ್ಲ, ನನಗೂ ಆಗಿರಲಿಲ್ಲ.

ಅಂಕಿಯ ಮಗ್ಗುಲಿಗೆ ಫಸಲಿಯ 'ಫೇ' ಅಕ್ಷರವಿದೆಯೋ ಹಿಜರಿಯ 'ಹೇ' ಅಕ್ಷರವಿದೆಯೋ ನೋಡು. ಅದು ಅಳಿಸಿಹೋಗಿದ್ದರೆ ತಿಂಗಳ ಹೆಸರು ನೋಡು. ಮೊಹರಂ, ಸಫರ್, ರಂಜಾನ್ ಎಂದು ಇದ್ದರೆ ನಿನ್ನ ಲೆಕ್ಕ ಸರಿ, ನಾನು ನಿನ್ನ ಕ್ಷಮೆ ಕೇಳುತ್ತೇನೆ. ಫಸಲಿಯ ತಿಂಗಳಾದ ಮೆಹರ್ ಎಂದು ಇದ್ದರೆ ಅದು ಹೆಚ್ಚುಕಡಿಮೆ ಆಗಸ್ಟ್, ರಜಾಕಾರರ ಕೈ ಮೇಲಿದ್ದ ಕಾಲ. ಆಗ ಒಬ್ಬ ಖತೀಬ ತನ್ನ ಹೊಲವನ್ನು ನಿಮ್ಮವರಿಗೆ ಏಕೆ ಬರೆದುಕೊಟ್ಟ ಎಂಬುದಕ್ಕೆ ಬೇರೆಯದೇ ಕಥೆ ಬೇಕಾಗುತ್ತದೆ, ಅದರಲ್ಲಿ ಸ್ನೇಹವೂ ಇದ್ದೀತು. ಆಬಾನ್ ಎಂದು ಇದ್ದರೆ ಅದು ಸೆಪ್ಟೆಂಬರ್. ಆಗ ತಾರೀಖನ್ನು ಬಹಳ ಎಚ್ಚರದಿಂದ ಓದಬೇಕು, ಏಕೆಂದರೆ ಎರಡು ದಿನ ಆಚೀಚೆಯಾದರೂ ನಿನ್ನ ಮುತ್ಯಾ ಬೇರೆ ಮನುಷ್ಯರಾಗುತ್ತಾರೆ.

ನನಗೆ ಈಗಲೂ ಉರ್ದು ಓದಲು ಬರುತ್ತದೆ, ದಪ್ಪ ಗಾಜು ಹಿಡಿದರೆ ಅಕ್ಷರ ಕಾಣುತ್ತವೆ. ಮೂಲ ಕಾಗದವನ್ನು ಅಂಚೆಗೆ ಹಾಕಬೇಡ, ಕೈಯಲ್ಲಿಯೇ ಹಿಡಿದುಕೊಂಡು ಬಾ. ಭಾನುವಾರ ಬಂದರೆ ಮನೆಯಲ್ಲಿ ಎಲ್ಲರೂ ಇರುತ್ತಾರೆ, ಊಟ ಇಲ್ಲಿಯೇ ಮಾಡುವಿಯಂತೆ. ಹೊರಡುವ ಮೊದಲು ಎಲ್ಲಿಗೆ, ಯಾವ ಕೆಲಸಕ್ಕೆ ಹೋಗುತ್ತಿದ್ದೀ ಎಂದು ಅಪ್ಪನಿಗೆ ಹೇಳು. ಅವರಿಗೆ ಬರುವ ಮನಸ್ಸಿದ್ದರೆ ಅವರನ್ನೂ ಕರೆದುಕೊಂಡು ಬಾ.