ಗುಲಾಬಿ ಗಿಡ ತಗೊಳ್ಳೋರು ಇದನ್ನೊಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ, ಯಾವ ಗುಲಾಬಿ ಹಾಕ್ಲಿ ಅಂತ ಸುಮಾರು ಜನ ಕೇಳ್ತಿದೀರ, ಅದಕ್ಕೆ ಇಲ್ಲೇ ಒಟ್ಟಿಗೆ ಬರೀತಿದೀನಿ. ಪರಿಮಳವೇ ಮುಖ್ಯ ಅನ್ನೋರು ಕಣ್ಣು ಮುಚ್ಕೊಂಡು ಪನ್ನೀರ್ ಗುಲಾಬಿ ಹಾಕಿ, ಹೂವು ಚಿಕ್ಕದು, ಕಿತ್ತಮೇಲೆ ಎಸಳು ಬೇಗ ಉದುರುತ್ತೆ ನಿಜ, ಆದ್ರೆ ಗಟ್ಟಿ ಗಿಡ, ಕಡ್ಡಿ ನೆಟ್ರೂ ಬರುತ್ತೆ, ದೇವರಿಗೂ ಆಯ್ತು ಗುಲ್ಕಂದ್‌ಗೂ ಆಯ್ತು. ಹೂವು ದೊಡ್ಡದಾಗೂ ಇರ್ಬೇಕು ಘಮನೂ ಬೇಕು ಅಂದ್ರೆ ಡಬಲ್ ಡಿಲೈಟ್. 1977ರ ತಳಿ ಇದು, ಕೆನೆ ಬಣ್ಣದ ಮೊಗ್ಗು ಅರಳ್ತಾ ಬಿಸಿಲು ಬಿದ್ದಷ್ಟೂ ಅಂಚಿಂದ ಒಳಗೆ ಕೆಂಪೇರ್ತಾ ಹೋಗುತ್ತೆ, ಎರಡು ಹೂವು ಒಂದೇ ಥರ ಇರಲ್ಲ, ನೋಡೋಕೆ ಎಷ್ಟು ಚಂದ ಗೊತ್ತಾ! ಬೂದಿ ರೋಗ (ಎಲೆ ಮೇಲೆ ಬಿಳಿ ಪುಡಿ ಥರ ಕೂರೋದು) ಮಾತ್ರ ಬೇಗ ಹತ್ತುತ್ತೆ, ಗಾಳಿ ಆಡೋ ಕಡೆ ಇಡಿ.

ಗ್ಲಾಡಿಯೇಟರ್ ಎತ್ತರಕ್ಕೆ ಹೋಗುತ್ತೆ, ಉದ್ದ ಕಾಂಡ, ಭಾರಿ ಹೂವು, ಘಮ ಸಾಧಾರಣ. ಐಸ್‌ಬರ್ಗ್ ಪೊದೆಯಾಗಿ ಬೆಳೆದು ಗೊಂಚಲು ಗೊಂಚಲು ಬಿಳಿ ಹೂವು ಬಿಡುತ್ತೆ, ಮುಳ್ಳು ಕಮ್ಮಿ, ಮಕ್ಕಳಿರೋ ಮನೆಗೆ ಒಳ್ಳೇದು, ಘಮ ಜಾಸ್ತಿ ಇರಲ್ಲ.

ಕಸಿ ಗಿಡ ತಂದೋರು ಕಸಿ ಗಂಟಿನ (ಬುಡದ ಕಾಡು ಗುಲಾಬಿಗೆ ಒಳ್ಳೆ ತಳಿ ಕೂಡಿಸಿರೋ ಉಬ್ಬು ಜಾಗ) ಕೆಳಗಿಂದ ಬರೋ ಚಿಗುರನ್ನ ತಕ್ಷಣ ಕಿತ್ತಾಕಿ, ಬಿಟ್ರೆ ಕಾಡು ಗುಲಾಬಿನೇ ಮೇಲೆದ್ದು ಒಳ್ಳೆ ತಳಿ ಸೊರಗಿಹೋಗುತ್ತೆ.