ಕಾರಿಗೆ ಸುಂಕ, ಕೂಸಿನ ಉಬ್ಬಸ

ಸ್ಟಾಕ್‌ಹೋಮ್

ಪ್ರೀತಿಯ ಅಣ್ಣನಿಗೆ,

ಪೇಟೆಯೊಳಗೆ ಬರುವ ಕಾರಿಗೆ ಸುಂಕ ಹಾಕಿದರೆ ಮಕ್ಕಳ ಉಬ್ಬಸ ಇಳಿಯುತ್ತದಾ ಎಂದು ನೀನು ಕೇಳಿದ್ದೆ. ಇಲ್ಲಿ ಇಳಿದಿದೆ. ಆದರೆ ಸುಂಕ ಹಾಕಿದ ವಾರವೇ ಅಲ್ಲ.

2006ರ ಜನವರಿ 3ರಿಂದ ಜುಲೈ ಕೊನೆಯವರೆಗೆ ಮೊದಲು ಪ್ರಯೋಗ ನಡೆಯಿತು. ಊರ ನಡುಭಾಗದ ಸುತ್ತ 18 ಕಡೆ ಕ್ಯಾಮೆರಾ ಇಟ್ಟು, ಓಡುವ ಗಾಡಿಯ ನಂಬರ್ ಪ್ಲೇಟನ್ನೇ ಓದಿಕೊಳ್ಳುವ ಏರ್ಪಾಡು. ಟೋಲ್ ಗೇಟಿನ ಹಾಗೆ ನಿಲ್ಲಿಸಿದ್ದರೆ ಹೊಗೆಯೆಲ್ಲ ಆ ಗೇಟಿನ ಬಳಿಯ ಮನೆಗಳಿಗೇ ನುಗ್ಗುತ್ತಿತ್ತು. ಒಳಗೆ ಬಂದರೂ ಹೊರಗೆ ಹೋದರೂ ಹೊತ್ತು ನೋಡಿ 10, 15 ಅಥವಾ 20 ಕ್ರೋನಾ (ಇಲ್ಲಿನ ಹಣ), ದಿನಕ್ಕೆ 60 ಮೀರದಂತೆ. ಗಡಿ ದಾಟುವ ಗಾಡಿಗಳು ಶೇ. 20ರಷ್ಟು ಕಡಿಮೆಯಾದವು. ಪ್ರಯೋಗ ಮುಗಿದದ್ದೇ ತಡ, ಬಹುಪಾಲು ಮರಳಿ ಬಂದವು. 2007ರ ಆಗಸ್ಟಿನಲ್ಲಿ ಸುಂಕ ಕಾಯಂ ಆದಾಗ ಮತ್ತೆ ಇಳಿದವು. ಹೆಚ್ಚುವರಿ ಬಸ್ಸುಗಳನ್ನು 2005ರಲ್ಲೇ ಬಿಟ್ಟಿದ್ದರು, ಬರೀ ಬಸ್ಸು ನೋಡಿ ಕಾರು ತೊರೆದವರು ತೀರಾ ಕಡಿಮೆ.

ಗಾಳಿಯ ಮಾಲಿನ್ಯ ತಗ್ಗಿದ್ದು ಶೇ. 5ರಿಂದ 15, ಅಷ್ಟೇ. ಆದರೂ ಅರ್ಥಶಾಸ್ತ್ರಜ್ಞರಾದ ಸಿಮಿಯೊನೊವಾ, ಜಾನೆಟ್ ಕರಿ ಮತ್ತು ಸಂಗಡಿಗರು ಸ್ವೀಡನ್ನಿನ ಬೇರೆ ಊರುಗಳ ಜೊತೆ ಹೋಲಿಸಿ ನೋಡಿದಾಗ, ಆರು ವರ್ಷದೊಳಗಿನ ಮಕ್ಕಳಲ್ಲಿ ಅಸ್ತಮಾ ಕೆರಳುವುದು ಹತ್ತಿರ ಹತ್ತಿರ ಅರ್ಧಕ್ಕೆ ಬಂದಿತ್ತು. ಗಾಳಿ ಬೇಗ ತಿಳಿಯಾಯಿತು, ಉಬ್ಬಸ ನಿಧಾನವಾಗಿ ಇಳಿಯಿತು. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸನಾಳದ ಬಾವು ಒಂದೇ ದಿನದಲ್ಲಿ ಆರುವುದಿಲ್ಲವಲ್ಲ. ಬರೀ ಏಳು ತಿಂಗಳ ಲೆಕ್ಕ ಹಿಡಿದು ತೀರ್ಪು ಕೊಟ್ಟಿದ್ದರೆ ಲಾಭದ ಮುಖ್ಯ ಪಾಲೇ ಕೈತಪ್ಪುತ್ತಿತ್ತು.

ಸೋರುವ ಜಾಗಗಳೂ ಇವೆ. ಎಥೆನಾಲ್ ಕಾರುಗಳಿಗೆ ವಿನಾಯಿತಿ ಕೊಟ್ಟರು, ಜನ ಅವನ್ನೇ ಕೊಂಡರು. ಕೊನೆಗೆ 2012ರಲ್ಲಿ ಅದನ್ನು ತೆಗೆಯಬೇಕಾಯಿತು. ಇನ್ನೊಂದು, ಚಳಿಗಾಲದ ಮೊಳೆಟೈರು. ಹಿಮದಲ್ಲಿ ಜಾರದಿರಲೆಂದು ಹಾಕುವ ಈ ಟೈರು ಡಾಂಬರನ್ನು ಕೆರೆಯುತ್ತದೆ. ಒದ್ದೆ ರಸ್ತೆಯಲ್ಲಿ ಕೂತ ಆ ಪುಡಿ ಮಾರ್ಚ್, ಏಪ್ರಿಲ್‌ನಲ್ಲಿ ರಸ್ತೆ ಒಣಗಿದ ಕೂಡಲೇ ಮೇಲೇಳುತ್ತದೆ. ಎಲೆಕ್ಟ್ರಿಕ್ ಕಾರಿಗೂ ಈ ಟೈರು ಇರಬಹುದು, ಹೊಗೆ ಇಲ್ಲದಿದ್ದರೂ ಧೂಳು ತಪ್ಪದು. ಅದಕ್ಕೇ 2010ರಿಂದ ಹಾರ್ನ್ಸ್‌ಗಾಟನ್ ರಸ್ತೆಯಲ್ಲಿ ಮೊಳೆಟೈರು ನಿಷೇಧ, ಜೊತೆಗೆ ಧೂಳು ಹಿಡಿದಿಡುವ ಲವಣದ ದ್ರಾವಣದ ಸಿಂಪಡಣೆ.

ನಮ್ಮ ಬೆಂಗಳೂರಿನಲ್ಲಿ ಹೀಗೇನಾದರೂ ಮಾಡುವುದಿದ್ದರೆ ಮೊದಲು ಕೇಳಬೇಕಾದ್ದು ಬೈಕ್, ಸ್ಕೂಟರ್‌ಗಳ ಮಾತು. ಲಂಡನ್ನು ಅವಕ್ಕೆ ಸುಂಕ ಹಾಕುವುದಿಲ್ಲ, ಅಲ್ಲಿ ಅವು ಕಡಿಮೆ. ನಮ್ಮಲ್ಲಿ ಗಾಡಿಗಳಲ್ಲಿ ಹೆಚ್ಚಿನವು ಅವೇ. ಇನ್ನೊಂದು ಕೆಲಸ: ಸುಂಕ ಶುರುವಾಗುವ ಎರಡು ವರ್ಷ ಮೊದಲಿನಿಂದಲೇ ಆಸ್ಪತ್ರೆಗಳಲ್ಲಿ ನೆಬುಲೈಸರ್ ಹಚ್ಚಿಸಿಕೊಂಡ ಮಕ್ಕಳ ವಯಸ್ಸು, ತಾರೀಖು, ಬಡಾವಣೆ ಬರೆದಿಡಬೇಕು. ಆಮೇಲೆ ಹುಡುಕಿದರೆ ಹೋಲಿಸಲು ಏನೂ ಸಿಗುವುದಿಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ